ಸಹಾಯ ಬೇಕು: ಸುಣ್ಣದ ಗಾರೆ ಕೆಲಸ ಬಲ್ಲವರು ಯಾರಾದರೂ ಇದ್ದಾರಾ?

ತಮಿಳುನಾಡಿನ ತರಂಗಂಬಾಡಿ ನೋಡಿದ್ದೀರಾ? 1620ರಲ್ಲಿ ಡ್ಯಾನಿಷರು ಕಟ್ಟಿಸಲು ಶುರುಮಾಡಿದ ಕೋಟೆ ಅಲ್ಲಿ ಇನ್ನೂ ಕಡಲ ದಂಡೆಯಲ್ಲಿದೆ. 1845ರಲ್ಲಿ ಅವರು ಊರನ್ನೇ ಬ್ರಿಟಿಷರಿಗೆ ಮಾರಿಬಿಟ್ಟರು!

ಕೋಟೆಯ ಹತ್ತಿರ ಸ್ನೇಹಿತರದೊಂದು ಹಳೇ ಮನೆ ಇದೆ. ಹಿಂದೆ ಯಾರೋ ಸುಮ್ನೆ ಗೋಡೆಗೆಲ್ಲ ಸಿಮೆಂಟ್ ಬಳಿಸಿದ್ದಾರೆ. ಈಗ ತೇವ ಹೊರಗೆ ಹೋಗಲಾಗದೆ, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತಿದೆ. ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಬೇಕು. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆಯುವ ಹಿರಿಯರು ನಮ್ಮ ಮೈಸೂರು, ಶ್ರೀರಂಗಪಟ್ಟಣದ ಕಡೆ ಇದ್ದಾರಾ? ಅಲ್ಲಿನ ಹುಡುಗರಿಗೂ ಕಲಿಸಿಕೊಟ್ಟರೆ ಇನ್ನೂ ಒಳ್ಳೆಯದು, ಪಕ್ಕದ ಮನೆಗಳದ್ದೂ ಇದೇ ಪಾಡು. ಕೂಲಿ, ಊಟ, ವಸತಿ ನಮ್ಮದು. ಅಲ್ಲಿ ಜಾಸ್ತಿ ಮಳೆ ಅಕ್ಟೋಬರ್‌ನಿಂದ. ಅದಕ್ಕೆ ಮುಂಚೆ ಮುಗಿಸಬೇಕು. ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ.