ಸಹಾಯ ಬೇಕು: ಅಡ್ಡಗಾಳಿಯಲ್ಲಿ ಸೆಸ್ನಾ ಇಳಿಸುವಾಗ ಮೂತಿ ನೇರ ಮಾಡೋದು ಯಾವಾಗ?

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟೆಯವನು. ಸೊಲ್ಲಾಪುರದಾಚೆ ಒಂದು ಫ್ಲೈಯಿಂಗ್ ಸ್ಕೂಲಲ್ಲಿ ಸೆಸ್ನಾ 172 (ನಾಲ್ಕು ಸೀಟಿನ ಸಣ್ಣ ವಿಮಾನ) ಹಾರಿಸೋದು ಕಲಿಯುತ್ತಿದ್ದೇನೆ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತೆ ಗೊತ್ತಲ್ವಾ, ಒಣಹಾಕಿದ ಪಂಚೆ ಪಕ್ಕದ ಹೊಲದಲ್ಲಿರುತ್ತೆ!

ಮೊನ್ನೆ ರನ್‌ವೇ 29 (ಅಂದ್ರೆ ದಿಕ್ಕು ಸುಮಾರು 290 ಡಿಗ್ರಿ), ಗಾಳಿ 240 ಡಿಗ್ರಿಯಿಂದ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.). ಕೋನ 50 ಡಿಗ್ರಿ, ಅಂದ್ರೆ ಅಡ್ಡಗಾಳಿ ಸುಮಾರು 14 ನಾಟ್. ವಿಮಾನದ ಕೈಪಿಡಿ ಪ್ರಕಾರ ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರು, ಆ ಧೈರ್ಯದ ಮೇಲೆ ಹೋದೆವು.

ಫೈನಲ್‌ನಲ್ಲಿ (ರನ್‌ವೇ ಕಡೆ ನೇರವಾಗಿ ಬರುವ ಕೊನೆಯ ಹಂತದಲ್ಲಿ) ತೊಂದರೆಯಿಲ್ಲ. ಮೂತಿಯನ್ನು ಎಡಕ್ಕೆ, ಗಾಳಿಯ ಕಡೆ ತಿರುಗಿಸಿಟ್ಟರೆ ವಿಮಾನ ಏಡಿಯಂತೆ ಓರೆಯಾಗಿ ಬಂದರೂ ನಡುಗೆರೆ ಬಿಡಲ್ಲ. ತೊಂದರೆ ಇರೋದು ನೆಲ ಹತ್ತಿರ ಬಂದಾಗ. ಬಲ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿ ನೇರ ಮಾಡುತ್ತೇನೆ. ತಕ್ಷಣ ಎಡ ರೆಕ್ಕೆ ಮೇಲೇಳುತ್ತೆ, ವಿಮಾನ ಬಲಕ್ಕೆ ಜಾರುತ್ತೆ. ಎಡಕ್ಕೆ ಏಲರಾನ್ (ವಿಮಾನ ವಾಲಿಸುವ, ರೆಕ್ಕೆಯಂಚಿನ ಪಟ್ಟಿ) ಕೊಡುವಷ್ಟರಲ್ಲಿ ಗೆರೆ ಎಲ್ಲೋ, ನಾನೆಲ್ಲೋ. ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರೋದು) ಮಾಡೋದೇ ಆಗುತ್ತೆ.

ಬೇಗ ನೇರ ಮಾಡಿ ನೋಡಿದೆ, ಜಾರೋದು ಜಾಸ್ತಿ. ತಡ ಮಾಡಿದರೆ ಚಕ್ರ ಓರೆಯಾಗಿ ತಾಗುವ ಭಯ. ಫ್ಲಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಬಾಗಿಸುವ ಪಟ್ಟಿ) ಕಡಿಮೆ ಮಾಡಿದೆ, ಸ್ವಲ್ಪ ಹಿಡಿತ ಸಿಕ್ಕಿತು, ಅಷ್ಟೇ. ಒಬ್ಬ ಇನ್‌ಸ್ಟ್ರಕ್ಟರ್ 200 ಅಡಿಯಿಂದಲೇ ಎಡ ರೆಕ್ಕೆ ತಗ್ಗಿಸಿ ಬಾ ಅಂತಾರೆ. ಇನ್ನೊಬ್ಬರು ಫ್ಲೇರ್‌ವರೆಗೆ (ನೆಲ ತಾಗುವ ಮುನ್ನ ಮೂತಿ ಎತ್ತುವವರೆಗೆ) ಓರೆಯಾಗೇ ಇರಲಿ ಅಂತಾರೆ. ಇಬ್ಬರೂ ಚೆನ್ನಾಗೇ ಇಳಿಸುತ್ತಾರೆ, ಅದೇ ತಲೆನೋವು.

ಸಣ್ಣ ವಿಮಾನ ಹಾರಿಸಿದವರು ಹೇಳಿ: ಗಾಳಿ ಬಿಟ್ಟು ಬಿಟ್ಟು ಹೊಡೆಯುವಾಗ ಕಲಿಯುವವನು ಈ ಎರಡರಲ್ಲಿ ಯಾವುದನ್ನು ಮೊದಲು ರೂಢಿ ಮಾಡಿಕೊಳ್ಳಬೇಕು? ರಡ್ಡರ್, ಏಲರಾನ್ ಒಟ್ಟಿಗೇ ಕೊಡಬೇಕಾ, ಇಲ್ಲ ಏಲರಾನ್ ಮೊದಲಾ?