ಸಹಾಯ ಬೇಕು: ಬಾಕ್ಸಿಂಗ್ ಕುಟುಂಬದ ಫೋಟೋ ಕಥೆ

ನಮಸ್ಕಾರ. ಅಜ್ಜ, ಅಪ್ಪ, ಮಗಳು ಮೂವರೂ ಬಾಕ್ಸಿಂಗ್ ಮಾಡುವ ಒಂದು ಕುಟುಂಬದ ಫೋಟೋ ಕಥೆ ಮಾಡುತ್ತಿದ್ದೇನೆ. ರಿಂಗಿನೊಳಗಿನ ಹೊಡೆತಗಳು 1/1000 ಸೆಕೆಂಡ್ ಶಟರ್‌ನಲ್ಲಿ ಚೆನ್ನಾಗಿ ಬರುತ್ತಿವೆ. ಆದರೆ ಅಂಥ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ, ಅಲ್ವಾ? ನನಗೆ ಬೇಕಾಗಿರುವುದು ಪಂದ್ಯಕ್ಕೆ ಮುಂಚಿನ ಹೊತ್ತು. ಅಜ್ಜ ಮೊಮ್ಮಗಳ ಕೈಗೆ ಪಟ್ಟಿ ಸುತ್ತುತ್ತಾರೆ. ಹೆಬ್ಬೆರಳಿನ ಹತ್ತಿರ ಒಮ್ಮೆ ಬಿಚ್ಚಿ, ಮತ್ತೆ ಬಿಗಿ ಮಾಡುತ್ತಾರೆ. ಅವಳು ಉಸಿರು ಬಿಗಿಹಿಡಿದು ನೋಡುತ್ತಿರುತ್ತಾಳೆ.

ಅಲ್ಲಿ ಬೆಳಕು ತೀರಾ ಕಡಿಮೆ. ಫ್ಲ್ಯಾಶ್ ಹಾಕಿದರೆ ಆ ಸಲುಗೆಯೇ ಕೆಡುತ್ತದೆ. 35 ಎಂಎಂ ಲೆನ್ಸ್, ಎಫ್/2 (ಲೆನ್ಸ್ ಎಷ್ಟು ತೆರೆದಿದೆ ಎಂಬ ಅಳತೆ), ಶಟರ್ 1/125 ಇಟ್ಟರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ದಾಟಿ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಜಾಸ್ತಿ ಆಗುತ್ತದೆ. 1/60ಕ್ಕೆ ಇಳಿಸಿದರೆ ಬೆರಳುಗಳು ಮಸುಕು. ಯಾವುದನ್ನು ಬಿಟ್ಟುಕೊಡಲಿ? ಸರಣಿಯನ್ನು ಈ ಫೋಟೋದಿಂದಲೇ ಶುರು ಮಾಡಬಹುದಾ? ಅನುಭವ ಇರುವವರು ದಯವಿಟ್ಟು ತಿಳಿಸಿ.