ಗ್ಲೋ ಇಂಜಿನ್ ಮೇಲೇರುವಾಗಲೇ ಆಫ್ ಆಗುತ್ತೆ, ಸಹಾಯ ಬೇಕು

ನಮಸ್ಕಾರ. ನನ್ನ ಮಾಡೆಲ್ ವಿಮಾನದ್ದು ಸೆಕೆಂಡ್ ಹ್ಯಾಂಡ್ ತಗೊಂಡ 46 ಸೈಜಿನ, ಅಂದ್ರೆ ಸುಮಾರು 7.5 ಸಿಸಿಯ, ಟೂ ಸ್ಟ್ರೋಕ್ ಗ್ಲೋ ಇಂಜಿನ್ (ಕಿಡಿ ಬದಲು ಪ್ಲಗ್‌ನ ಕಾದ ತಂತಿಯಿಂದ ಇಂಧನ ಉರಿಸೋದು). 11x6 ಇಂಚಿನ ಪ್ರೊಪೆಲ್ಲರ್, ಹಗುರ ಬಾಲ್ಸಾ ಮರದ ಟ್ರೈನರ್ (ಕಲಿಯೋರ) ವಿಮಾನ. ನೆಲದ ಮೇಲೆ ಚಿನ್ನದಂಥ ಇಂಜಿನ್. ಫುಲ್ ಥ್ರಾಟಲ್‌ನಲ್ಲಿ ಫ್ಯೂಯೆಲ್ ಪೈಪ್ ಚಿವುಟಿದರೆ ಒಂದು ಕ್ಷಣ ವೇಗ ಏರಿ ಆಮೇಲೆ ಇಳಿಯುತ್ತೆ, ಅಂದ್ರೆ ಮಿಶ್ರಣ ರಿಚ್ ಆಗೇ (ಇಂಧನ ಹೆಚ್ಚಾಗೇ) ಇದೆ. ಆದ್ರೆ ಗಾಳಿಗೆ ಬಿಟ್ಟು ಮೂಗು ಎತ್ತಿಸಿದ ಹತ್ತೇ ಸೆಕೆಂಡಿಗೆ ಕೀರಲು ದನಿ ತೆಗೆದು ಟಪ್ ಅಂತ ನಿಂತುಬಿಡುತ್ತೆ. ಕಳೆದ ಭಾನುವಾರ ರಾಗಿ ಹೊಲದಲ್ಲಿ ಇಳಿಸಬೇಕಾಯ್ತು. ಚಕ್ರ ಒಂದು ಕಡೆ, ರೆಕ್ಕೆ ಇನ್ನೊಂದು ಕಡೆ. ಹೊಲದವರು ಬೈದಿದ್ದು ಬೇರೆ.

ಹೊಸ ಗ್ಲೋ ಪ್ಲಗ್ ಹಾಕಿದೆ. ಟ್ಯಾಂಕಿನ ಒಳಗಿನ ಪೈಪ್, ಕ್ಲಂಕ್ (ಆ ಪೈಪಿನ ತುದಿಯ ತೂಕ) ಎರಡೂ ಬದಲಾಯಿಸಿದೆ. ಟ್ಯಾಂಕ್ ಎತ್ತರ ಕಾರ್ಬುರೇಟರ್‌ನ ನೀಡಲ್‌ಗೆ (ಇಂಧನ ಹೊಂದಿಸೋ ಸ್ಕ್ರೂ) ಸರಿಸಮ ಇದೆ, ಸೈಲೆನ್ಸರ್ ಪ್ರೆಶರ್ ಬರ್ತಿದೆ, ಪೈಪಲ್ಲಿ ಗುಳ್ಳೆ ಕಾಣಲ್ಲ.

ಒಂದೇ ಅನುಮಾನ: ಬಿಸಿಯಾದಮೇಲೆ ಐಡಲ್ ತಾನಾಗೇ ಏರಿಳಿಯುತ್ತೆ. ಎಲ್ಲೋ ಗಾಳಿ ಎಳೀತಿದೆಯಾ? ಕಾರ್ಬುರೇಟರ್ ಬುಡದ ಓ-ರಿಂಗ್ ಮೊದಲು ನೋಡ್ಲಾ, ಹಿಂದಿನ ಪ್ಲೇಟಿನ ಗ್ಯಾಸ್ಕೆಟ್ಟಾ? ಗ್ಯಾಸ್ಕೆಟ್ ಸಿಗದಿದ್ರೆ ಪೇಪರ್ ಕತ್ತರಿಸಿ ಹಾಕಿದವರು ಯಾರಾದ್ರೂ ಇದ್ದೀರಾ?

'ಬ್ಯಾಟರಿ ಮೋಟಾರ್ ಹಾಕ್ಕೊಳ್ಳಿ' ಅನ್ನೋ ಸಲಹೆ ಮಾತ್ರ ಬೇಡಿ, ಮನೇಲಿ ಮಗನೇ ದಿನಾ ಕೊಡ್ತಾನೆ. ಸುಟ್ಟ ಹರಳೆಣ್ಣೆ ವಾಸನೆ ಇಲ್ಲದ ವಿಮಾನ ನನಗೆ ರುಚಿಸಲ್ಲ.